ಪಟ್ಟಿಯಲ್ಲಿ ಕಾಣದ ಕಂಪ್ಯೂಟರ್ ಎಲ್ಲಿಗೂ ಹೋಗಿರುವುದಿಲ್ಲ

ಪ್ರಶ್ನೆ: ನಮ್ಮದು ಲೆಕ್ಕಪತ್ರ ಮತ್ತು ತೆರಿಗೆ ಕೆಲಸದ ಕಚೇರಿ. ಒಟ್ಟು 14 ಕಂಪ್ಯೂಟರ್: ಒಂಬತ್ತು ವಿಂಡೋಸ್ 10, ನಾಲ್ಕು ವಿಂಡೋಸ್ 11, ಹಳೆಯ ಪ್ರಿಂಟರ್‌ಗೆಂದು ಉಳಿಸಿಕೊಂಡ ಒಂದು ವಿಂಡೋಸ್ 7. ಟ್ಯಾಲಿ ಡೇಟಾ ಇರುವ ವಿಂಡೋಸ್ 10 ಕಂಪ್ಯೂಟರನ್ನೇ ನಾವು ಸರ್ವರ್ ಎನ್ನುತ್ತೇವೆ. ಬ್ಯಾಕಪ್‌ಗೆ ಹಳೆಯ ನಾಸ್ ಡಬ್ಬಿಯೊಂದಿದೆ (ನೇರವಾಗಿ ಜಾಲಕ್ಕೆ ಸೇರಿಸುವ ಡಿಸ್ಕ್ ಪೆಟ್ಟಿಗೆ). ಇಂಟರ್ನೆಟ್ ಸಂಪರ್ಕ ಬದಲಿಸಿ ಹೊಸ ರೂಟರ್ ಹಾಕಿಸಿದಂದಿನಿಂದ ಎಕ್ಸ್‌ಪ್ಲೋರರ್‌ನ ‘ನೆಟ್‌ವರ್ಕ್’ ತೆರೆದರೆ ಆರೇಳು ಕಂಪ್ಯೂಟರ್ ಮಾತ್ರ ಕಾಣುತ್ತವೆ, ಅದೂ ಒಂದೊಂದರಲ್ಲಿ ಒಂದೊಂದು ಪಟ್ಟಿ. ಕೆಲವು ಬೆಳಿಗ್ಗೆ ಇದ್ದು ಮಧ್ಯಾಹ್ನ ಇರುವುದಿಲ್ಲ. ಸರ್ವರ್ ಯಾರಿಗೂ ಕಾಣುತ್ತಿಲ್ಲ. ಇಂಟರ್ನೆಟ್ ಎಲ್ಲದರಲ್ಲೂ ಸರಿಯಾಗಿದೆ. ಫೈಲ್ ಹಂಚಿಕೆಯ ಹಳೆಯ ಪ್ರೊಟೊಕಾಲ್ ಆದ ಎಸ್‌ಎಂಬಿ 1 ಆನ್ ಮಾಡಿ ಎಂದು ಒಬ್ಬರು, ಫೈರ್‌ವಾಲ್ ತೆಗೆದುಬಿಡಿ ಎಂದು ಇನ್ನೊಬ್ಬರು ಹೇಳಿದ್ದಾರೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ನೀವು ಹೇಳಿದ ಲಕ್ಷಣಗಳಲ್ಲಿ ಒಂದಲ್ಲ, ಮೂರು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುವಂತೆ ಕಾಣುತ್ತದೆ. ಆದ್ದರಿಂದಲೇ ಒಬ್ಬೊಬ್ಬರ ಸಲಹೆ ಒಂದೊಂದು ಕಂಪ್ಯೂಟರ್‌ನಲ್ಲಿ ಫಲಿಸಿ ಇನ್ನೊಂದರಲ್ಲಿ ಸೋಲುತ್ತದೆ. ಬಿಡಿಸುವ ಕೆಲಸಕ್ಕೆ ಅರ್ಧ ದಿನ ಬೇಕು, ಹೊಸ ಸಾಮಾನು ಕೊಳ್ಳುವ ಅಗತ್ಯ ಬಹುಶಃ ಬರುವುದಿಲ್ಲ.

ಮೊದಲು ಕಚೇರಿಯ ಕೆಲಸ ನಡೆಯಲಿ. ಸರ್ವರ್ ಮುಂದೆ ಕೂತು ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಆಜ್ಞೆ ಕೊಡಿ. ಅದು ತೋರಿಸುವ ಐಪಿವಿ4 ವಿಳಾಸ, ಸಬ್‌ನೆಟ್ ಮಾಸ್ಕ್, ಡಿಫಾಲ್ಟ್ ಗೇಟ್‌ವೇ (ಜಾಲದಿಂದ ಹೊರಹೋಗುವ ದಾರಿಯಾದ ರೂಟರ್‌ನ ವಿಳಾಸ) ಮೂರನ್ನೂ ಬರೆದುಕೊಳ್ಳಿ. ವಿಳಾಸ 192.168.1.25 ಎಂದಿಟ್ಟುಕೊಳ್ಳೋಣ. ಈಗ ಸರ್ವರ್ ಕಾಣದ ಇನ್ನೊಂದು ಕಂಪ್ಯೂಟರ್‌ಗೆ ಹೋಗಿ, ಎಕ್ಸ್‌ಪ್ಲೋರರ್‌ನ ಮೇಲಿನ ವಿಳಾಸದ ಜಾಗದಲ್ಲಿ \\192.168.1.25 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಹಂಚಿದ ಫೋಲ್ಡರ್‌ಗಳು ತೆರೆದುಕೊಂಡರೆ ದಾರಿ ಸರಿಯಾಗಿದೆ, ಕೆಟ್ಟಿರುವುದು ಪಟ್ಟಿ ಮಾತ್ರ. ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳಿದರೂ ದಾರಿ ಸರಿಯಿದೆ ಎಂದೇ ಅರ್ಥ. ಸುಮಾರು ಹೊತ್ತು ಸುತ್ತಿ 0x80070035 ಎಂಬ ದೋಷ ಬಂದರೆ ಮಾತ್ರ ದಾರಿಯಲ್ಲೇ ಅಡ್ಡಿಯಿದೆ. ಐಪಿ ವಿಳಾಸಕ್ಕೆ ತೆರೆದು ಹೆಸರಿಗೆ ತೆರೆಯದಿದ್ದರೆ ತೊಂದರೆ ಹೆಸರನ್ನು ವಿಳಾಸವಾಗಿಸುವಲ್ಲಿದೆ.

ಪಿಂಗ್ ಮಾಡಿ, ಅಂದರೆ ಎದುರಿನ ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ಕೇಳುವ ಆಜ್ಞೆ ಕೊಟ್ಟು ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ವಿಂಡೋಸ್ ಫೈರ್‌ವಾಲ್ ‘ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್’ ಆಫ್ ಇದ್ದಾಗ ಪಿಂಗ್‌ಗೆ ಉತ್ತರ ಕೊಡಲು ಬಿಡುವುದಿಲ್ಲ. ಹಾಗಾಗಿ ಪಿಂಗ್ ಸೋತ ಮಾತ್ರಕ್ಕೆ ಕೇಬಲ್ ಬದಲಿಸಲು ಹೊರಡಬೇಡಿ. ಪಿಂಗ್ ಮಾಡಿದ ಕೂಡಲೇ ಆರ್ಪ್ ಆಜ್ಞೆಯನ್ನು ಹೈಫನ್ ಎ ಸೇರಿಸಿ (arp -a) ಕೊಡಿ. ಬರುವ ಪಟ್ಟಿಯಲ್ಲಿ ಆ ಐಪಿ ವಿಳಾಸದ ಎದುರು ಆರು ಜೋಡಿ ಅಂಕಿ-ಅಕ್ಷರಗಳ ಮ್ಯಾಕ್ ವಿಳಾಸ (ನೆಟ್‌ವರ್ಕ್ ಅಡಾಪ್ಟರ್‌ನ ಸ್ವಂತ ಗುರುತು) ಇದ್ದರೆ, ಎದುರಿನ ಕಂಪ್ಯೂಟರ್ ಅದೇ ಜಾಲದಲ್ಲಿ ಜೀವಂತವಾಗಿದೆ, ಅದರ ಫೈರ್‌ವಾಲ್ ಮಾತ್ರ ಬಾಯಿ ಮುಚ್ಚಿಸಿದೆ. ಮ್ಯಾಕ್ ವಿಳಾಸವೇ ಇಲ್ಲದಿದ್ದರೆ ಆಗ ಕೇಬಲ್, ಸ್ವಿಚ್, ರೂಟರ್ ಕಡೆ ನೋಡಬೇಕು.

ಪಟ್ಟಿ ಹುಟ್ಟುವ ಬಗೆ

‘ನೆಟ್‌ವರ್ಕ್’ ಎಂಬಲ್ಲಿ ಕಾಣುವ ಪಟ್ಟಿಯನ್ನು ಯಾರೂ ಒಂದು ಕಡೆ ಬರೆದಿಟ್ಟಿರುವುದಿಲ್ಲ. ಪ್ರತಿಯೊಂದು ಕಂಪ್ಯೂಟರ್ ತನ್ನದೇ ಪಟ್ಟಿ ಮಾಡಿಕೊಳ್ಳುತ್ತದೆ. ಶಾಲೆಯಲ್ಲಿ ಹಾಜರಿ ಕರೆದಂತೆ, ನೀವು ಆ ಕಿಟಕಿ ತೆರೆದಾಗ ನಿಮ್ಮ ಕಂಪ್ಯೂಟರ್ ಇಡೀ ಜಾಲಕ್ಕೆ ಕೇಳುವಂತೆ ‘ಯಾರ್ಯಾರಿದ್ದೀರಿ?’ ಎಂದು ಕೂಗುತ್ತದೆ. ಓಗೊಟ್ಟವರ ಹೆಸರು ಕಾಣುತ್ತದೆ. ಓಗೊಡದವರು ಕಚೇರಿಯಲ್ಲೇ ಇದ್ದರೂ ಹಾಜರಿ ಇಲ್ಲ.

ಈ ಪದ್ಧತಿಯ ಹೆಸರು ಡಬ್ಲ್ಯುಎಸ್-ಡಿಸ್ಕವರಿ. ಕೂಗು ಹೋಗುವುದು 239.255.255.250 ಎಂಬ ಮಲ್ಟಿಕಾಸ್ಟ್ (ಒಮ್ಮೆಲೇ ಹಲವರಿಗೆ ತಲುಪುವ) ವಿಳಾಸಕ್ಕೆ, ಯುಡಿಪಿ ಪೋರ್ಟ್ 3702ರಲ್ಲಿ. ಇಲ್ಲಿ ಪೋರ್ಟ್ ಎಂದರೆ ಕಂಪ್ಯೂಟರ್‌ನೊಳಗೆ ಒಂದೊಂದು ಸೇವೆಗೆ ಇರುವ ಸಂಖ್ಯೆಯ ಬಾಗಿಲು. ಓಗೊಟ್ಟ ಮೇಲೆ ಹೆಸರು, ವರ್ಕ್‌ಗ್ರೂಪ್ ಮುಂತಾದ ವಿವರ ತರಲು ಟಿಸಿಪಿ 5357 ಬೇಕು. ಮೊದಲನೆಯದು ತೆರೆದು ಎರಡನೆಯದು ಮುಚ್ಚಿದ್ದರೂ ಕಂಪ್ಯೂಟರ್ ಪಟ್ಟಿಗೆ ಬರುವುದಿಲ್ಲ. ಫೈಲ್ ತೆರೆಯುವ ದಾರಿ ಮಾತ್ರ ಪೂರ್ತಿ ಬೇರೆ: ಟಿಸಿಪಿ 445. ಪಟ್ಟಿಯಲ್ಲಿ ಇಲ್ಲದ ಕಂಪ್ಯೂಟರ್ ಐಪಿ ವಿಳಾಸಕ್ಕೆ ತಟ್ಟನೆ ತೆರೆದುಕೊಳ್ಳುವುದೂ, ಪಟ್ಟಿಯಲ್ಲಿ ಇರುವುದನ್ನು ಕ್ಲಿಕ್ ಮಾಡಿದರೆ ತೆರೆಯದಿರುವುದೂ ಇದರಿಂದಲೇ.

ವಿಂಡೋಸ್‌ನಲ್ಲಿ ಕೂಗುವ ಸೇವೆ ಒಂದು, ಓಗೊಡುವ ಸೇವೆ ಇನ್ನೊಂದು. ಕೂಗುವುದು ‘ಫಂಕ್ಷನ್ ಡಿಸ್ಕವರಿ ಪ್ರೊವೈಡರ್ ಹೋಸ್ಟ್’. ಓಗೊಡುವುದು ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’. ಹೆಸರುಗಳು ಒಂದೇ ತರಹ ಇರುವುದರಿಂದ ಒಂದನ್ನು ಸರಿಪಡಿಸಿ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ.

ಇದು ತಿಳಿದ ಮೇಲೆ ಒಂದು ಕಾಗದದ ಮೇಲೆ ಕೋಷ್ಟಕ ಹಾಕಿ. ಅಡ್ಡ ಸಾಲಿನಲ್ಲೂ ಉದ್ದ ಸಾಲಿನಲ್ಲೂ ಹದಿನಾಲ್ಕು ಕಂಪ್ಯೂಟರ್‌ಗಳ ಹೆಸರು ಬರೆದು, ಪ್ರತಿಯೊಂದರ ಮುಂದೆಯೂ ಕೂತು ಪಟ್ಟಿ ತೆರೆದು, ಎಫ್5 ಒತ್ತಿ, ಅರ್ಧ ನಿಮಿಷ ಕಾದು, ಯಾರಿಗೆ ಯಾರು ಕಾಣುತ್ತಾರೆ ಎಂದು ಗುರುತು ಮಾಡಿ. ಪಕ್ಕದಲ್ಲೇ ಪ್ರತಿಯೊಂದರ ಐಪಿ ವಿಳಾಸ ಮತ್ತು ಗೇಟ್‌ವೇ ಬರೆಯಿರಿ. ಈ ಅರ್ಧ ಗಂಟೆಯ ಕೆಲಸವನ್ನು ಬಿಟ್ಟು ನೇರವಾಗಿ ಸೆಟ್ಟಿಂಗ್ ಬದಲಿಸಲು ಕೂತರೆ ಎರಡು ದಿನ ಹೋಗುತ್ತದೆ. ಒಂದು ಕಂಪ್ಯೂಟರ್ ಯಾರಿಗೂ ಕಾಣದೆ, ಅದಕ್ಕೆ ಮಾತ್ರ ಉಳಿದವರೆಲ್ಲ ಕಂಡರೆ ಅದರ ಓಗೊಡುವ ಸೇವೆ ನಿಂತಿದೆ ಅಥವಾ ಅದರ ಫೈರ್‌ವಾಲ್ ತಡೆದಿದೆ. ಎಲ್ಲರಿಗೂ ಕಂಡು, ತನಗೆ ಯಾರೂ ಕಾಣದಿದ್ದರೆ ಕೂಗುವ ಸೇವೆಯನ್ನು ನೋಡಿ. ಕಂಪ್ಯೂಟರ್‌ಗಳು ಎರಡು ಗುಂಪಾಗಿ, ಗುಂಪಿನೊಳಗೆ ಎಲ್ಲ ಕಂಡು ಗುಂಪಿನಾಚೆ ಯಾವುದೂ ಕಾಣದಿದ್ದರೆ ವಿಂಡೋಸ್ ಮುಟ್ಟಲೇಬೇಡಿ, ಜಾಲವೇ ಎರಡಾಗಿ ಸೀಳಿದೆ.

ಮೊದಲು ರೂಟರ್, ಆಮೇಲೆ ವಿಂಡೋಸ್

ಹೊಸ ಇಂಟರ್ನೆಟ್ ಸಂಪರ್ಕ ಬಂದಾಗ ಫೈಬರ್ ತಂತಿಯ ಜೊತೆ ಒಂದು ಡಬ್ಬಿ ಬರುತ್ತದೆ. ಅದು ಬರೀ ಮೋಡೆಮ್ ಅಲ್ಲ, ತಾನೇ ರೂಟರ್, ವೈಫೈ ಕೂಡ ಅದರಲ್ಲೇ ಇರುತ್ತದೆ. ಅದರ ಲ್ಯಾನ್ (ಒಳಜಾಲದ) ಪೋರ್ಟ್‌ನಿಂದ ಕೇಬಲ್ ಎಳೆದು ಕಚೇರಿಯ ಹಳೆಯ ರೂಟರ್‌ನ ವ್ಯಾನ್ (ಹೊರಗಿನ ಇಂಟರ್ನೆಟ್‌ನ) ಪೋರ್ಟ್‌ಗೆ ಚುಚ್ಚಿ ಹೋಗುವುದು ಸಾಮಾನ್ಯ. ಇಂಟರ್ನೆಟ್ ಎರಡೂ ಕಡೆ ಬರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಹೊಸ ಡಬ್ಬಿಯ ವೈಫೈಗೆ ಸೇರಿದ ಕಂಪ್ಯೂಟರ್‌ಗಳ ವಿಳಾಸ 192.168.1ರಿಂದ, ಹಳೆಯ ರೂಟರ್‌ನ ಹಿಂದೆ ಇರುವವುಗಳ ವಿಳಾಸ 192.168.0ರಿಂದ ಶುರುವಾಗುತ್ತದೆ. ಹಾಜರಿಯ ಕೂಗು ರೂಟರ್ ದಾಟುವುದಿಲ್ಲ. ನಿಮ್ಮ ಕೋಷ್ಟಕದಲ್ಲಿ ಗೇಟ್‌ವೇ ಕಾಲಂನಲ್ಲಿ ಎರಡು ಬೇರೆ ಅಂಕಿಗಳಿದ್ದರೆ ಇದೇ ಕಾರಣ.

ಇದರ ಇನ್ನೊಂದು ಗುರುತಿದೆ. ಒಳಗಿನ ರೂಟರ್‌ನ ಹಿಂದಿರುವ ಕಂಪ್ಯೂಟರ್, ಹೊರಗಿನದನ್ನು ಐಪಿ ವಿಳಾಸ ಕೊಟ್ಟರೆ ತೆರೆಯಬಲ್ಲದು. ಹೊರಗಿನದು ಒಳಗಿನದನ್ನು ತೆರೆಯಲಾರದು. ಒಂದು ದಿಕ್ಕಿಗೆ ಮಾತ್ರ ಕೆಲಸ ಮಾಡುವ ಸಂಪರ್ಕ ಕಂಡರೆ ಎರಡು ರೂಟರ್ ಇವೆಯೇ ಎಂದು ಮೊದಲು ಹುಡುಕಿ.

ಸರಿಪಡಿಸುವುದು ಹೀಗೆ. ಹಳೆಯ ರೂಟರ್‌ಗೆ ಲಾಗಿನ್ ಆಗಿ ಅದರ ಲ್ಯಾನ್ ವಿಳಾಸವನ್ನು ಹೊಸ ಡಬ್ಬಿಯ ಸಾಲಿನಲ್ಲೇ, ಆದರೆ ಯಾರೂ ಬಳಸದ ಅಂಕಿಗೆ ಬದಲಿಸಿ, ಹೊಸ ಡಬ್ಬಿ 192.168.1.1 ಆಗಿದ್ದರೆ ಇದಕ್ಕೆ 192.168.1.2. ಆ ಅಂಕಿ ಹೊಸ ಡಬ್ಬಿ ಹಂಚುವ ವಿಳಾಸಗಳ ಸಾಲಿನಿಂದ ಹೊರಗಿರಲಿ. ಹೊಸ ವಿಳಾಸಕ್ಕೆ ಮತ್ತೆ ಲಾಗಿನ್ ಆಗಿ, ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ. ಕೊನೆಗೆ ಕೇಬಲನ್ನು ವ್ಯಾನ್ ಪೋರ್ಟ್‌ನಿಂದ ಕಿತ್ತು ಲ್ಯಾನ್ ಪೋರ್ಟ್ ಒಂದಕ್ಕೆ ಚುಚ್ಚಿ. ಈ ಕ್ರಮ ತಪ್ಪಬಾರದು: ಡಿಎಚ್‌ಸಿಪಿ ಆನ್ ಇರುವಾಗಲೇ ಲ್ಯಾನ್ ಪೋರ್ಟ್‌ಗೆ ಚುಚ್ಚಿದರೆ ಎರಡು ರೂಟರ್‌ಗಳು ಪೈಪೋಟಿಯಲ್ಲಿ ವಿಳಾಸ ಹಂಚಿ, ಕೆಲವು ಕಂಪ್ಯೂಟರ್‌ಗಳಿಗೆ ಇಂಟರ್ನೆಟ್ಟೂ ಹೋಗುತ್ತದೆ. ಸೆಟ್ಟಿಂಗ್ ಪುಟದಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಿ, ಈ ಮೂರೂ ಕೆಲಸ ಒಟ್ಟಿಗೆ ಆಗುತ್ತದೆ. ಆಮೇಲೆ ಎಲ್ಲ ಕಂಪ್ಯೂಟರ್‌ಗಳನ್ನೂ ರೀಸ್ಟಾರ್ಟ್ ಮಾಡಿ. ‘ಶಟ್‌ಡೌನ್’ ಮಾಡಿ ಮತ್ತೆ ಒತ್ತುವುದು ಸಾಲದು. ವಿಂಡೋಸ್ 10, 11ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಇರುವುದರಿಂದ ಶಟ್‌ಡೌನ್ ಆದಾಗ ವಿಂಡೋಸ್‌ನ ಒಳಗಿನ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಮತ್ತೆ ಅದೇ ಎದ್ದು ಬರುತ್ತದೆ.

ವೈಫೈನಲ್ಲಿರುವ ಲ್ಯಾಪ್‌ಟಾಪ್‌ಗಳು ‘ಗೆಸ್ಟ್’ ಹೆಸರಿನ ವೈಫೈಗೆ ಸೇರಿಲ್ಲವೇ ನೋಡಿ. ಗೆಸ್ಟ್ ವೈಫೈ ಇರುವುದೇ ಒಬ್ಬರಿಗೊಬ್ಬರು ಕಾಣದಿರಲಿ ಎಂದು. ಕೆಲವು ರೂಟರ್‌ಗಳಲ್ಲಿ ಮುಖ್ಯ ವೈಫೈಗೂ ‘ಎಪಿ ಐಸೊಲೇಶನ್’ ಅಥವಾ ‘ಕ್ಲೈಂಟ್ ಐಸೊಲೇಶನ್’ ಎಂಬ ಆಯ್ಕೆ ಇರುತ್ತದೆ, ಅದು ಆಫ್ ಇರಬೇಕು.

ರೂಟರ್ ಕೆಲಸವನ್ನು ಮೊದಲು ಮುಗಿಸಿ ಎಂದು ಒತ್ತಿ ಹೇಳಲು ಕಾರಣವಿದೆ. ವಿಂಡೋಸ್ ಒಂದು ಜಾಲವನ್ನು ಗುರುತು ಹಿಡಿಯುವುದು ಗೇಟ್‌ವೇಯ ಮ್ಯಾಕ್ ವಿಳಾಸದಿಂದ. ರೂಟರ್ ಬದಲಾದರೆ, ವೈರಿಂಗ್ ಅದೇ ಇದ್ದರೂ, ವಿಂಡೋಸ್ ಪಾಲಿಗೆ ಅದು ಗುರುತಿಲ್ಲದ ಊರು. ಗುರುತಿಲ್ಲದ ಜಾಲವನ್ನು ಅದು ‘ಪಬ್ಲಿಕ್’ ಎಂದು ಹಾಕಿಕೊಳ್ಳುತ್ತದೆ. ಬಸ್ ನಿಲ್ದಾಣದ ವೈಫೈಯಲ್ಲಿ ಹೇಗೋ ಹಾಗೆ ಮುಸುಕು ಹೊದ್ದು ಕೂರುತ್ತದೆ: ಕೂಗುವುದಿಲ್ಲ, ಓಗೊಡುವುದಿಲ್ಲ. ‘ಈ ಜಾಲದಲ್ಲಿ ಬೇರೆ ಕಂಪ್ಯೂಟರ್‌ಗಳಿಗೆ ಕಾಣಿಸಿಕೊಳ್ಳಬೇಕೇ?’ ಎಂದು ಪಕ್ಕದಲ್ಲಿ ಬಂದ ಪ್ರಶ್ನೆಗೆ ಯಾರು ‘ಎಸ್’ ಒತ್ತಿದರೋ ಅವರ ಕಂಪ್ಯೂಟರ್ ‘ಪ್ರೈವೇಟ್’ ಆಯಿತು, ‘ನೋ’ ಒತ್ತಿದವರದು ಅಥವಾ ಸುಮ್ಮನೆ ಬಿಟ್ಟವರದು ಪಬ್ಲಿಕ್ ಆಗಿಯೇ ಉಳಿಯಿತು. ಹೊಸ ರೂಟರ್ ಬಂದ ದಿನವೇ ನಿಮ್ಮ ಅರ್ಧ ಕಚೇರಿ ಮಾಯವಾದದ್ದಕ್ಕೆ ಇದೇ ಮುಖ್ಯ ಕಾರಣ ಎಂದು ನಾನು ಹೇಳಬಲ್ಲೆ. ಈಗ ನೀವು ಎರಡು ರೂಟರ್‌ಗಳನ್ನು ಸರಿಪಡಿಸಿದರೆ ಕೆಲವು ಕಂಪ್ಯೂಟರ್‌ಗಳ ಗೇಟ್‌ವೇ ಮತ್ತೆ ಬದಲಾಗುತ್ತದೆ, ಅವು ಮತ್ತೆ ಪಬ್ಲಿಕ್ ಆಗುತ್ತವೆ. ಮೊದಲು ಪ್ರೈವೇಟ್ ಮಾಡಿ ಆಮೇಲೆ ರೂಟರ್ ಮುಟ್ಟಿದವರು ಅದೇ ಕೆಲಸ ಎರಡು ಸಲ ಮಾಡಬೇಕಾಗುತ್ತದೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಅಲ್ಲಿ ಈಥರ್ನೆಟ್ (ವೈಫೈ ಆದರೆ ಆ ವೈಫೈಯ ಪ್ರಾಪರ್ಟೀಸ್) ತೆರೆದು ‘ಪ್ರೈವೇಟ್ ನೆಟ್‌ವರ್ಕ್’ ಆರಿಸಿ. ವಿಂಡೋಸ್ 10ರಲ್ಲಿ ಅದೇ ಸೆಟ್ಟಿಂಗ್ಸ್ ಒಳಗೆ ಸ್ಟೇಟಸ್, ಪ್ರಾಪರ್ಟೀಸ್. ವಿಂಡೋಸ್ 7ರಲ್ಲಿ ‘ವರ್ಕ್ ನೆಟ್‌ವರ್ಕ್’ ಎಂದಿರಲಿ. ಕೈಯಿಂದ ಐಪಿ ವಿಳಾಸ ಹಾಕಿ ಗೇಟ್‌ವೇ ಖಾಲಿ ಬಿಟ್ಟ ಕಂಪ್ಯೂಟರ್‌ಗಳಲ್ಲಿ ‘ಅನ್‌ಐಡೆಂಟಿಫೈಡ್ ನೆಟ್‌ವರ್ಕ್’ ಎಂದು ಬಂದು ಪಬ್ಲಿಕ್ಕಿಗೇ ಅಂಟಿಕೊಂಡಿರುತ್ತದೆ. ಟ್ಯಾಲಿ ಕಂಪ್ಯೂಟರ್‌ಗೆ ಇಂಟರ್ನೆಟ್ ಬೇಡ ಎಂದು ಹಾಗೆ ಬಿಡುವುದುಂಟು. ಗೇಟ್‌ವೇ ತುಂಬಿದರೆ ಜಾಲಕ್ಕೆ ಗುರುತು ಸಿಗುತ್ತದೆ.

ಆಮೇಲೆ ವಿಂಡೋಸ್ 11ರಲ್ಲಿ ಅಡ್ವಾನ್ಸ್‌ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೆ, ವಿಂಡೋಸ್ 10ರಲ್ಲಿ ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಆ್ಯಂಡ್ ಶೇರಿಂಗ್ ಸೆಂಟರ್ ಒಳಗೆ ‘ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್’ ತೆರೆದು, ಪ್ರೈವೇಟ್ ಭಾಗದಲ್ಲಿ ‘ನೆಟ್‌ವರ್ಕ್ ಡಿಸ್ಕವರಿ’ ಮತ್ತು ‘ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್’ ಎರಡನ್ನೂ ಆನ್ ಮಾಡಿ. ಪಬ್ಲಿಕ್ ಭಾಗದಲ್ಲಿ ಆನ್ ಮಾಡುವ ಅಡ್ಡದಾರಿ ಬೇಡ. ಆ ಲ್ಯಾಪ್‌ಟಾಪ್ ನಾಳೆ ಗಿರಾಕಿಯ ಕಚೇರಿಯ ವೈಫೈಗೆ ಹೋದಾಗ ನಿಮ್ಮ ಹಂಚಿದ ಫೋಲ್ಡರ್‌ಗಳ ಬಾಗಿಲು ಅಲ್ಲಿಯವರ ಕಡೆಗೂ ತೆರೆದಿರುತ್ತದೆ.

ಆನ್ ಮಾಡಿ ಸೇವ್ ಮಾಡಿದ ಮೇಲೂ ನೆಟ್‌ವರ್ಕ್ ಡಿಸ್ಕವರಿ ತಾನೇ ಆಫ್ ಆಗುತ್ತಿದ್ದರೆ ಅದರ ಹಿಂದಿನ ಸೇವೆಗಳು ನಿಂತಿವೆ. ಸರ್ಚ್‌ನಲ್ಲಿ ‘ಸರ್ವಿಸಸ್’ ತೆರೆದು ನಾಲ್ಕನ್ನು ನೋಡಿ: ಡಿಎನ್‌ಎಸ್ ಕ್ಲೈಂಟ್, ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್, ಎಸ್‌ಎಸ್‌ಡಿಪಿ ಡಿಸ್ಕವರಿ, ಯುಪಿಎನ್‌ಪಿ ಡಿವೈಸ್ ಹೋಸ್ಟ್. ಕಂಪ್ಯೂಟರ್ ವೇಗ ಹೆಚ್ಚಿಸುವೆವು ಎನ್ನುವ ‘ಕ್ಲೀನರ್’ ತಂತ್ರಾಂಶಗಳು ಇವನ್ನು ‘ಡಿಸೇಬಲ್‌ಡ್’ ಮಾಡಿಟ್ಟಿರುವುದು ಹೊಸದೇನಲ್ಲ. ರಿಸೋರ್ಸ್ ಪಬ್ಲಿಕೇಶನ್ ಸೇವೆ ಮೊದಲಿನಿಂದಲೂ ‘ಮ್ಯಾನ್ಯುಅಲ್’ ಆಗಿರುತ್ತದೆ, ಕಂಪ್ಯೂಟರ್ ಎದ್ದಾಗ ಕೆಲವೊಮ್ಮೆ ಅದು ಏಳುವುದೇ ಇಲ್ಲ. ಪ್ರತಿಯೊಂದು ಕಂಪ್ಯೂಟರ್‌ನಲ್ಲೂ, ಸರ್ವರ್‌ನಲ್ಲಂತೂ ತಪ್ಪದೆ, ಅದನ್ನು ‘ಆಟೊಮ್ಯಾಟಿಕ್ (ಡಿಲೇಡ್ ಸ್ಟಾರ್ಟ್)’ ಮಾಡಿ, ಕೂಡಲೇ ಸ್ಟಾರ್ಟ್ ಒತ್ತಿ. ಪ್ರೊವೈಡರ್ ಹೋಸ್ಟ್‌ಗೂ ಹಾಗೇ ಮಾಡಿದರೆ ತಪ್ಪಿಲ್ಲ. ಡಿಲೇಡ್ ಎಂದರೆ ಕಂಪ್ಯೂಟರ್ ಎದ್ದು ಒಂದೆರಡು ನಿಮಿಷದ ನಂತರ ಅದು ಓಗೊಡಲು ಶುರು ಮಾಡುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಪಟ್ಟಿ ಅರ್ಧ ಇದ್ದರೆ ಗಾಬರಿಯಾಗಬೇಡಿ.

ಇಷ್ಟಾದ ಮೇಲೂ ಒಂದು ಕಂಪ್ಯೂಟರ್ ಹಠ ಹಿಡಿದರೆ ಅದರಲ್ಲಿ ಬೇರೆ ಆ್ಯಂಟಿವೈರಸ್ ಇದೆಯೇ ನೋಡಿ. ಅಂಥವುಗಳಲ್ಲಿ ಹಲವಕ್ಕೆ ಸ್ವಂತ ಫೈರ್‌ವಾಲ್ ಇದ್ದು, ಹೊಸ ರೂಟರನ್ನು ಅವೂ ತಮ್ಮ ಪಾಡಿಗೆ ಅಪರಿಚಿತ ಎಂದು ಬರೆದುಕೊಂಡಿರುತ್ತವೆ. ವಿಂಡೋಸ್‌ನಲ್ಲಿ ಪ್ರೈವೇಟ್ ಎಂದಿದ್ದರೂ ಅದರ ಒಳಗೆ ಬೇರೆಯಾಗಿ ‘ಟ್ರಸ್ಟೆಡ್’ ಅಥವಾ ‘ಹೋಮ್’ ಎಂದು ಬದಲಿಸಬೇಕು. ಫೈರ್‌ವಾಲ್ ಪೂರ್ತಿ ತೆಗೆಯಿರಿ ಎಂಬ ಸಲಹೆಯಲ್ಲಿ ಪರೀಕ್ಷೆಯ ಮಟ್ಟಿಗೆ ಹುರುಳಿದೆ: ಐದು ನಿಮಿಷ ನಿಲ್ಲಿಸಿ, ಪಟ್ಟಿಗೆ ಬಂತೇ ನೋಡಿ, ಬಂದರೆ ಅಪರಾಧಿ ಅದೇ. ಕೂಡಲೇ ಮತ್ತೆ ಹಾಕಿ, ವಿಂಡೋಸ್ ಫೈರ್‌ವಾಲ್‌ನ ‘ಅಲೋ ಆ್ಯನ್ ಆ್ಯಪ್’ ಪುಟದಲ್ಲಿ ನೆಟ್‌ವರ್ಕ್ ಡಿಸ್ಕವರಿ ಮತ್ತು ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಎರಡಕ್ಕೂ ಪ್ರೈವೇಟ್ ಕಾಲಂನಲ್ಲಿ ಟಿಕ್ ಹಾಕಿ.

ಬೆಳಿಗ್ಗೆ ಇದ್ದು ಮಧ್ಯಾಹ್ನ ಇಲ್ಲದವು

ಇದರಲ್ಲಿ ಬಹುಪಾಲು ನಿದ್ದೆಯದೇ ತೊಂದರೆ. ಸ್ಲೀಪ್‌ಗೆ ಹೋದ ಕಂಪ್ಯೂಟರ್ ಓಗೊಡುವುದಿಲ್ಲ. ಸರ್ವರ್‌ನಲ್ಲಿ ಪವರ್ ಸೆಟ್ಟಿಂಗ್ ತೆರೆದು ಸ್ಲೀಪ್ ‘ನೆವರ್’ ಮಾಡಿ, ಪರದೆ ಮಾತ್ರ ಆರಿದರೆ ಸಾಕು. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನ ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ.

ನಿದ್ದೆಯಲ್ಲದಿದ್ದರೆ ಸ್ವಿಚ್ ನೋಡಿ. ಸಾಧಾರಣ ಎಂಟು, ಹದಿನಾರು ಪೋರ್ಟ್‌ಗಳ ಅನ್‌ಮ್ಯಾನೇಜ್ಡ್ ಸ್ವಿಚ್ ಈ ವಿಷಯದಲ್ಲಿ ನಿರಪರಾಧಿ. ಮ್ಯಾನೇಜ್ಡ್ ಅಥವಾ ಸ್ಮಾರ್ಟ್ ಸ್ವಿಚ್ ಆಗಿದ್ದು ಅದರಲ್ಲಿ ‘ಐಜಿಎಂಪಿ ಸ್ನೂಪಿಂಗ್’ (ಮಲ್ಟಿಕಾಸ್ಟನ್ನು ಬೇಕಾದ ಪೋರ್ಟ್‌ಗಷ್ಟೇ ಕಳಿಸುವ ವ್ಯವಸ್ಥೆ) ಆನ್ ಇದ್ದು, ಯಾರಿಗೆ ಬೇಕು ಎಂದು ಆಗಾಗ ವಿಚಾರಿಸುವ ‘ಕ್ವೆರಿಯರ್’ ಜಾಲದಲ್ಲಿ ಯಾರೂ ಇಲ್ಲದಿದ್ದರೆ, ಸ್ವಿಚ್ ಕೆಲವು ನಿಮಿಷಗಳ ನಂತರ ಯಾವ ಪೋರ್ಟ್‌ಗೆ ಮಲ್ಟಿಕಾಸ್ಟ್ ಬೇಕು ಎಂಬುದನ್ನೇ ಮರೆತು ಕೂಗನ್ನು ಮುಂದಕ್ಕೆ ಕಳಿಸುವುದು ನಿಲ್ಲಿಸಬಹುದು. ಇದರ ಗುರುತು ಸ್ಪಷ್ಟ: ರೀಸ್ಟಾರ್ಟ್ ಮಾಡಿದ ಕಂಪ್ಯೂಟರ್ ಪಟ್ಟಿಗೆ ಬಂದು ನಾಲ್ಕೈದು ನಿಮಿಷಕ್ಕೆ ಮಾಯವಾಗುತ್ತದೆ, ಐಪಿ ವಿಳಾಸಕ್ಕೆ ಮಾತ್ರ ಸದಾ ತೆರೆಯುತ್ತದೆ. 14 ಕಂಪ್ಯೂಟರ್‌ಗಳ ಕಚೇರಿಗೆ ಸ್ನೂಪಿಂಗ್ ಆಫ್ ಮಾಡಿದರೆ ನಷ್ಟವಿಲ್ಲ, ಬೇಕೆಂದರೆ ಸ್ವಿಚ್ಚನ್ನೇ ಕ್ವೆರಿಯರ್ ಮಾಡಿ.

ಒಂದೇ ಹೆಸರಿನ ಎರಡು ಕಂಪ್ಯೂಟರ್ ಇದ್ದರೂ ಪಟ್ಟಿ ಹೀಗೆ ಆಡುತ್ತದೆ. ಒಂದೇ ಹಾರ್ಡ್‌ಡಿಸ್ಕ್‌ನ ನಕಲು ತೆಗೆದು ನಾಲ್ಕು ಕಂಪ್ಯೂಟರ್‌ಗೆ ಹಾಕಿಸಿದ್ದರೆ ಹೆಸರು ಪರೀಕ್ಷಿಸಿ. ಹೆಸರು 15 ಅಕ್ಷರ ಮೀರದಿರಲಿ, ಮೀರಿದರೆ ನೆಟ್‌ಬಯಾಸ್ ಎಂಬ ಹಳೆಯ ಹೆಸರಿನ ಪದ್ಧತಿಯ ಮಟ್ಟದಲ್ಲಿ ಬಾಲ ಕತ್ತರಿಸಿ ಎರಡು ಉದ್ದ ಹೆಸರುಗಳು ಒಂದೇ ಆಗಿಬಿಡಬಹುದು.

ಎಸ್‌ಎಂಬಿ 1 ಏಕೆ ಬೇಡ

ಈ ಸಲಹೆ ಹುಟ್ಟಿದ್ದು ಹಳೆಯ ಕಾಲದ ಪದ್ಧತಿಯಿಂದ. ಆಗ ‘ಕಂಪ್ಯೂಟರ್ ಬ್ರೌಸರ್’ ಎಂಬ ಸೇವೆ ಇತ್ತು. ಜಾಲದಲ್ಲಿ ಒಂದು ಕಂಪ್ಯೂಟರ್ ಚುನಾವಣೆಯಲ್ಲಿ ಗೆದ್ದು ‘ಮಾಸ್ಟರ್ ಬ್ರೌಸರ್’ ಆಗಿ, ಎಲ್ಲರ ಪರವಾಗಿ ಪಟ್ಟಿ ಇಟ್ಟುಕೊಳ್ಳುತ್ತಿತ್ತು. ಪ್ರತಿಯೊಂದೂ 12 ನಿಮಿಷಕ್ಕೊಮ್ಮೆ ತಾನಿದ್ದೇನೆ ಎಂದು ಸಾರುತ್ತಿತ್ತು, ಮೂರು ಸಲ ಸಾರದಿದ್ದರೆ, ಅಂದರೆ 36 ನಿಮಿಷಕ್ಕೆ, ಹೆಸರು ಅಳಿಯುತ್ತಿತ್ತು. ಸಹಾಯಕ ಬ್ರೌಸರ್‌ಗಳು 15 ನಿಮಿಷಕ್ಕೊಮ್ಮೆ ಪಟ್ಟಿ ನಕಲು ಮಾಡುತ್ತಿದ್ದುದರಿಂದ ಆಫ್ ಮಾಡಿದ ಕಂಪ್ಯೂಟರ್ 51 ನಿಮಿಷದವರೆಗೂ ಕಾಣುತ್ತಿರಬಹುದಿತ್ತು. ‘ಒಂದು ಗಂಟೆ ಬಿಟ್ಟು ನೋಡಿ, ತಾನೇ ಬರುತ್ತದೆ’ ಎಂಬ ಮಾತು ಆ ಕಾಲದ್ದು. ಈಗಿನ ಪದ್ಧತಿಯಲ್ಲಿ ಅರ್ಧ ನಿಮಿಷದಲ್ಲಿ ಬರದಿದ್ದರೆ ಒಂದು ಗಂಟೆ ಕಾದರೂ ಬರುವುದಿಲ್ಲ.

ಆ ಬ್ರೌಸರ್ ಸೇವೆ ನಿಂತಿದ್ದು ಎಸ್‌ಎಂಬಿ 1ರ ಮೇಲೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಲೋಕವೆಲ್ಲ ಹಬ್ಬಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿದ್ದು ಎಸ್‌ಎಂಬಿ 1ರ ದೋಷದ ಮೂಲಕವೇ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಎಸ್‌ಎಂಬಿ 1 ಇರುವುದಿಲ್ಲ, ಜೊತೆಗೆ ಬ್ರೌಸರ್ ಸೇವೆಯೂ ಹೋಯಿತು. ನೀವು ಕೈಯಿಂದ ಹಾಕಿದರೂ, ‘ಆಟೊಮ್ಯಾಟಿಕ್ ರಿಮೂವಲ್’ ಆಯ್ಕೆ ಇದ್ದರೆ, ಕಂಪ್ಯೂಟರ್ ಆನ್ ಇದ್ದ 15 ದಿನ ಬಳಕೆಯಾಗದಿದ್ದಾಗ ವಿಂಡೋಸ್ ಅದನ್ನು ತಾನೇ ತೆಗೆಯುತ್ತದೆ. ‘ಹಾಕಿದಾಗ ಸರಿಯಾಯಿತು, ಆಮೇಲೆ ಮತ್ತೆ ಹೋಯಿತು’ ಎಂಬ ಗೊಣಗಾಟದ ಮೂಲ ಇಲ್ಲಿದೆ. ಗಿರಾಕಿಗಳ ಪ್ಯಾನ್, ಬ್ಯಾಂಕ್ ವಿವರ, ರಿಟರ್ನ್‌ಗಳೆಲ್ಲ ಇರುವ ಕಚೇರಿ ಒಂದು ಪಟ್ಟಿಯ ಸೌಕರ್ಯಕ್ಕಾಗಿ ಆ ಬಾಗಿಲು ತೆರೆಯಬಾರದು.

ನಿಮ್ಮ ವಿಂಡೋಸ್ 7ಕ್ಕೂ ಎಸ್‌ಎಂಬಿ 1 ಬೇಕಿಲ್ಲ. ಅದಕ್ಕೆ ಎಸ್‌ಎಂಬಿ 2.1 ಗೊತ್ತು, ಡಬ್ಲ್ಯುಎಸ್-ಡಿಸ್ಕವರಿಯೂ ಗೊತ್ತು. ಪಟ್ಟಿಗೆ ಬರಲಾರದ್ದು ಎಕ್ಸ್‌ಪಿ ಮಾತ್ರ. ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್‌ಗಳ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ನಿಂತಿರುವುದರಿಂದ ಅದರಲ್ಲಿ ಪ್ರಿಂಟರ್ ಬಿಟ್ಟು ಯಾವ ಫೋಲ್ಡರನ್ನೂ ಹಂಚಬೇಡಿ. ನೆಟ್ ವ್ಯೂ ಎಂಬ ಹಳೆಯ ಆಜ್ಞೆ ಬರಿದೇ ಕೊಟ್ಟಾಗ 6118 ಅಥವಾ 1231 ದೋಷ ಬಂದರೆ ಅದನ್ನು ಬೆನ್ನಟ್ಟಬೇಡಿ, ಈಗ ಇಲ್ಲದ ಬ್ರೌಸರ್ ಪಟ್ಟಿಯನ್ನೇ ಅದು ಕೇಳುತ್ತಿದೆ.

ನಾಸ್ ಡಬ್ಬಿಯ ಕಥೆ ಬೇರೆ. ಬಹುತೇಕ ನಾಸ್‌ಗಳ ಒಳಗೆ ಇರುವುದು ಲಿನಕ್ಸ್ ಮತ್ತು ವಿಂಡೋಸ್ ರೀತಿಯಲ್ಲಿ ಫೈಲ್ ಹಂಚುವ ಸಾಂಬಾ ತಂತ್ರಾಂಶ. ಸಾಂಬಾ ಹಳೆಯ ನೆಟ್‌ಬಯಾಸ್ ಪಟ್ಟಿಗೆ ಓಗೊಡುತ್ತದೆ, ಡಬ್ಲ್ಯುಎಸ್-ಡಿಸ್ಕವರಿಗೆ ತಾನಾಗಿ ಓಗೊಡುವುದಿಲ್ಲ. ನಾಸ್‌ನ ಫೈಲ್ ಸೇವೆಗಳ ಪುಟದಲ್ಲಿ ಡಬ್ಲ್ಯುಎಸ್-ಡಿಸ್ಕವರಿ ಎಂಬ ಟಿಕ್ ಇದೆಯೇ ಹುಡುಕಿ. ಇಲ್ಲದಿದ್ದರೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿ ನೋಡಿ. ಸ್ವಂತ ಲಿನಕ್ಸ್ ಯಂತ್ರವಾದರೆ ಡಬ್ಲ್ಯುಎಸ್‌ಡಿಡಿ ಎಂಬ ಪುಟ್ಟ ಸೇವೆ ಹಾಕಿದರೆ ಸಾಕು. ಅದೇ ಪುಟದಲ್ಲಿ ಕನಿಷ್ಠ ಪ್ರೊಟೊಕಾಲ್ ಎಸ್‌ಎಂಬಿ 2 ಎಂದಿರಲಿ. ಎಸ್‌ಎಂಬಿ 1 ಬಿಟ್ಟು ಬೇರೇನೂ ಬಾರದಷ್ಟು ಹಳೆಯ ನಾಸ್ ಆಗಿದ್ದರೆ ಅದನ್ನು ಬದಲಿಸುವ ಖರ್ಚು ತಪ್ಪುವುದಿಲ್ಲ.

ಯಾವ ಕಂಪ್ಯೂಟರ್ ಯಾವ ದಾರಿಯಿಂದ ಪಟ್ಟಿಗೆ ಬಂದಿದೆ ಎಂದು ತಿಳಿಯಲು ಒಂದು ಉಪಾಯ: ‘ನೆಟ್‌ವರ್ಕ್’ ಕಿಟಕಿಯಲ್ಲಿ ‘ಡೀಟೇಲ್ಸ್’ ನೋಟ ಆರಿಸಿ, ಕಾಲಂ ತಲೆಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸ್ಕವರಿ ಮೆಥಡ್’ ಸೇರಿಸಿ. ಡಬ್ಲ್ಯುಎಸ್‌ಡಿ (ಡಬ್ಲ್ಯುಎಸ್-ಡಿಸ್ಕವರಿ) ಎಂದಿದ್ದರೆ ಸರಿ. ನೆಟ್‌ಬಯಾಸ್ ಎಂದಿದ್ದರೆ ಎಲ್ಲೋ ಎಸ್‌ಎಂಬಿ 1 ಇನ್ನೂ ಉಳಿದಿದೆ ಎಂದು ಹುಡುಕಿ ತೆಗೆಯಿರಿ.

ಸರ್ವರ್ ವಿಷಯ

ಮೇಲಿನ ಎಲ್ಲವೂ ಸರಿಯಿದ್ದು ಸರ್ವರ್ ಒಂದೇ ಯಾರಿಗೂ ಕಾಣದಿದ್ದರೆ ಹಿಂದೆ ಯಾರೋ ಅದನ್ನು ಬೇಕೆಂದೇ ಮರೆಮಾಡಿರಬಹುದು. ಡೇಟಾ ಯಂತ್ರ ಎಲ್ಲರ ಕಣ್ಣಿಗೆ ಬೀಳದಿರಲಿ ಎಂದು ಹಾಗೆ ಮಾಡುವವರಿದ್ದಾರೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್ ಕಾನ್ಫಿಗ್ ಸರ್ವರ್ (net config server) ಎಂಬ ಆಜ್ಞೆ ಕೊಟ್ಟರೆ ‘ಸರ್ವರ್ ಹಿಡನ್’ ಎಂಬ ಸಾಲು ಬರುತ್ತದೆ, ಅದು ‘ನೋ’ ಇರಬೇಕು. ಹಳೆಯ ಬ್ರೌಸರ್ ಪಟ್ಟಿಯಿಂದ ಮರೆಮಾಡಲು ಇದ್ದ ಸೌಲಭ್ಯ ಇದು. ಆದ್ದರಿಂದ ಇದನ್ನು ನೋಡಿದ ಮೇಲೂ ರಿಸೋರ್ಸ್ ಪಬ್ಲಿಕೇಶನ್ ಸೇವೆ ಮತ್ತು ಫೈರ್‌ವಾಲ್ ಪರೀಕ್ಷೆ ಬಿಡಬೇಡಿ.

ಕಂಡ ಮೇಲೆ ಪಾಸ್‌ವರ್ಡ್‌ನಲ್ಲಿ ಸಿಕ್ಕಿಕೊಳ್ಳುವುದು ಮುಂದಿನ ಹಂತ. ವಿಂಡೋಸ್‌ಗೆ ಲಾಗಿನ್ ಆಗುವ ನಾಲ್ಕಂಕಿ ಪಿನ್ ಜಾಲದಲ್ಲಿ ನಡೆಯುವುದಿಲ್ಲ, ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಖಾಲಿ ಇರುವ ಖಾತೆಯನ್ನೂ ವಿಂಡೋಸ್ ಜಾಲದ ಮೂಲಕ ಒಳಗೆ ಬಿಡುವುದಿಲ್ಲ. ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’ ಆಫ್ ಮಾಡಿ ಅತಿಥಿಯಾಗಿ ನುಗ್ಗುವ ಹಳೆಯ ರೂಢಿ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ನಿಂತುಹೋಯಿತು, ಅದು ಅತಿಥಿ ಪ್ರವೇಶವನ್ನು ನಿರಾಕರಿಸಿ ಡಿಜಿಟಲ್ ಸಹಿಯಿಂದ ಖಚಿತಪಡಿಸಿದ ಸಂಪರ್ಕವನ್ನೇ ಕೇಳುತ್ತದೆ. ಸರ್ವರ್‌ನಲ್ಲಿ ಟ್ಯಾಲಿಗೆಂದು ಒಂದು ಲೋಕಲ್ ಖಾತೆ ತೆರೆದು, ಗಟ್ಟಿ ಪಾಸ್‌ವರ್ಡ್ ಕೊಟ್ಟು, ಫೋಲ್ಡರ್‌ನ ‘ಶೇರಿಂಗ್’ ಮತ್ತು ‘ಸೆಕ್ಯುರಿಟಿ’ ಎರಡೂ ಪುಟಗಳಲ್ಲಿ ಆ ಖಾತೆಗೆ ಅನುಮತಿ ಕೊಡಿ. ಒಂದರಲ್ಲಿ ಮಾತ್ರ ಕೊಟ್ಟು ಫೋಲ್ಡರ್ ತೆರೆದರೂ ಡೇಟಾ ಬರೆಯಲಾಗದೆ ಪರದಾಡುವುದು ಬಹಳ ಕಡೆ ಕಾಣುವ ತಪ್ಪು. ಉಳಿದ ಕಂಪ್ಯೂಟರ್‌ಗಳಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್‌ನ ‘ವಿಂಡೋಸ್ ಕ್ರೆಡೆನ್ಷಿಯಲ್ಸ್’ನಲ್ಲಿ ಹಳೆಯ ನಮೂದುಗಳನ್ನು ಅಳಿಸಿ ಇದನ್ನು ಸೇರಿಸಿ. 1219 ದೋಷ ಬಂದರೆ ಅದೇ ಸರ್ವರ್‌ಗೆ ಬೇರೆ ಹೆಸರಿನಲ್ಲಿ ಆಗಲೇ ಸಂಪರ್ಕ ಇದೆ ಎಂದರ್ಥ, ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ.

ಪಟ್ಟಿ ಸರಿಯಾದರೂ ಟ್ಯಾಲಿಯನ್ನು ಪಟ್ಟಿಯ ಮೇಲೆ ನಿಲ್ಲಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಐಪಿಕಾನ್ಫಿಗ್ ಆಜ್ಞೆಗೆ /ಆಲ್ ಸೇರಿಸಿ ಸರ್ವರ್‌ನ ‘ಫಿಸಿಕಲ್ ಅಡ್ರೆಸ್’ (ಅದೇ ಮ್ಯಾಕ್ ವಿಳಾಸ) ಬರೆದುಕೊಂಡು, ಹೊಸ ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಅದಕ್ಕೆ 192.168.1.25 ಕಾಯ್ದಿರಿಸಿ. ಆಗ ವಿದ್ಯುತ್ ಹೋಗಿ ಬಂದರೂ ವಿಳಾಸ ಬದಲಾಗುವುದಿಲ್ಲ. ಪ್ರತಿ ಕಂಪ್ಯೂಟರ್‌ನಲ್ಲೂ ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’ ಮೂಲಕ ಆ ಫೋಲ್ಡರ್‌ಗೆ ಟಿ ಎಂಬ ಡ್ರೈವ್ ಅಕ್ಷರ ಕೊಟ್ಟು, ‘ರಿಕನೆಕ್ಟ್ ಅಟ್ ಸೈನ್-ಇನ್’ ಟಿಕ್ ಹಾಕಿ. ಎಲ್ಲ ಕಡೆಯೂ ಹೆಸರು ಅಥವಾ ಐಪಿ ಯಾವುದಾದರೂ ಒಂದನ್ನೇ ಬಳಸಿ. ಒಂದೇ ಕಂಪ್ಯೂಟರ್‌ನಲ್ಲಿ ಒಮ್ಮೆ ಹೆಸರು, ಇನ್ನೊಮ್ಮೆ ಐಪಿ ಎಂದು ಬೆರೆಸಿದರೆ ವಿಂಡೋಸ್ ಅವನ್ನು ಎರಡು ಬೇರೆ ಸರ್ವರ್ ಎಂದೇ ತಿಳಿದು ಪಾಸ್‌ವರ್ಡ್ ಬೇರೆ ಬೇರೆ ಕೇಳುತ್ತದೆ, ಮುಂದೆ ದೋಷ ಹುಡುಕುವುದೂ ಕಷ್ಟ.

ವಿಂಡೋಸ್ 10, 11 ಹಾಕಿದ ಕಂಪ್ಯೂಟರ್ ಒಂದೇ ಹೊತ್ತಿಗೆ 20 ಸಂಪರ್ಕಗಳನ್ನಷ್ಟೇ ಒಳಬಿಡುತ್ತದೆ ಎಂಬುದು ಲೆಕ್ಕದಲ್ಲಿರಲಿ. ಈಗಿನ 14ಕ್ಕೆ ಸಾಕು. ಇನ್ನೂ ಆರೇಳು ಸೇರಿಸುವ ಯೋಚನೆ ಇದ್ದರೆ ಆಗ ಡೇಟಾವನ್ನು ವಿಂಡೋಸ್ ಸರ್ವರ್‌ಗೋ ಹೊಸ ನಾಸ್‌ಗೋ ಸಾಗಿಸಬೇಕಾಗುತ್ತದೆ, ಆಗಲೂ ಟಿ ಡ್ರೈವ್ ಅಕ್ಷರ ಅದೇ ಉಳಿಸಿಕೊಂಡರೆ ಟ್ಯಾಲಿಯ ಡೇಟಾ ದಾರಿಯನ್ನು ಒಂದೊಂದು ಕಂಪ್ಯೂಟರ್‌ನಲ್ಲೂ ಮತ್ತೆ ಬರೆಯುವ ಕೆಲಸ ತಪ್ಪುತ್ತದೆ.